ಕಿರು ರೈಲಿನ ಇಂಜಿನ್ನಿಗೆ ದೀಪ

ಅಕ್ಕಲಕೋಟೆ ತಾಲ್ಲೂಕಿನ ನಮ್ಮ ಊರಿನಿಂದ ರೈಲುದಾರಿ ಹೆಚ್ಚು ದೂರವಿಲ್ಲ. ಜೋಳದ ರಾಶಿ ಮುಗಿದು ಹೊಲಗಳು ಬಯಲಾದ ಮೇಲೆ, ರಾತ್ರಿ ಊಟ ಮುಗಿಸಿ ಕಟ್ಟೆಯ ಮೇಲೆ ಕುಳಿತವರಿಗೆ ದುಧನಿಯ ಕಡೆಯಿಂದ ಬರುವ ಗಾಡಿಯ ದೀಪ ಮೊದಲು ಒಂದು ಚುಕ್ಕೆಯಾಗಿ ಕಾಣುತ್ತದೆ. ಸಪ್ಪಳ ಕೇಳಿಸುವುದು ಆಮೇಲೆ. ಮುಂಬಯಿಯಿಂದ ಬಂದ ಹಳಿಯೂ ಮದರಾಸಿನಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಒಂದುಗೂಡಿದಂದಿನಿಂದ ನಮ್ಮ ಭಾಗದ ಜನರಿಗೆ ರೈಲು ಹೊಸತಲ್ಲ. ಸೊಲ್ಲಾಪುರ, ಕಲಬುರ್ಗಿ, ವಾಡಿ ಈ ನಿಲ್ದಾಣಗಳಲ್ಲಿ ದುಡಿದು ನಿವೃತ್ತರಾದವರು ಊರಿಗೊಬ್ಬರಾದರೂ ಇದ್ದಾರೆ.

ಅಂಥವರೊಬ್ಬರ ಮನೆಯ ಆಟಿಕೆಯಂಥ ಇಂಜಿನ್ನೊಂದು ನಮ್ಮ ಶಾಲೆಯ ಮೇಜಿನ ಮೇಲೆ ಬಂದು ಕುಳಿತು, ಮುಖ್ಯಾಧ್ಯಾಪಕರಾದ ನಮಗೇ ಪಾಠ ಹೇಳಿದ ಪ್ರಸಂಗವನ್ನು ಇಲ್ಲಿ ನಿವೇದಿಸುತ್ತಿದ್ದೇವೆ. ಕಿರು ರೈಲಿನ ಇಂಜಿನ್ನುಗಳಿಗೆ ಎಲ್.ಇ.ಡಿ. ದೀಪವನ್ನು ಆರಿಸಿ ಜೋಡಿಸುವ ಬಗೆಯೂ ಇದರಲ್ಲಿ ಸೇರಿದೆ. ಮನೆಯಲ್ಲಿ ಅಂಥ ಇಂಜಿನ್ನುಳ್ಳವರಿಗೆ ಇದು ನೇರವಾಗಿ ಉಪಯೋಗಕ್ಕೆ ಬಂದೀತು. ಇಲ್ಲದವರಿಗೆ ವಿದ್ಯುತ್ತಿನ ಒಂದು ಮೂಲಪಾಠವಾದರೂ ಆದೀತು ಎಂಬುದು ನಮ್ಮ ಆಶಯ.

ಹುಡುಗ ತಂದ ಇಂಜಿನ್ನು

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇನ್ನೂ ಮೂರು ವಾರಗಳಿದ್ದವು. ಏಳನೆಯ ಇಯತ್ತೆಯ ಹುಡುಗನೊಬ್ಬ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಒಂದು ವಸ್ತುವನ್ನು ತಂದು ನಮ್ಮ ಮುಂದೆ ಬಿಚ್ಚಿಟ್ಟನು. ಒಂದು ಗೇಣು ಉದ್ದದ ಡೀಸೆಲ್ ಇಂಜಿನ್ನು. ನಿಜವಾದ ಇಂಜಿನ್ನಿನ 87ನೆಯ ಒಂದು ಭಾಗದ ಅಳತೆ; ಅದರ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಈ ಅಳತೆಗೆ ಎಚ್.ಓ. ಎಂದು ಹೆಸರು. ಪುಣೆಯ ಕೋಥ್ರೂಡಿನಲ್ಲಿರುವ ಜೋಶಿಯವರ ಕಿರು ರೈಲು ವಸ್ತುಸಂಗ್ರಹಾಲಯವನ್ನು ಕಂಡವರಿಗೆ ಇಂಥ ಇಂಜಿನ್ನುಗಳ ಪರಿಚಯವಿರುತ್ತದೆ.

"ಗುರುಗಳೇ, ಇದರ ದೀಪ ಹತ್ತವಲ್ದುರೀ. ಮುತ್ಯಾ ನೋಡಬೇಕಂತಾನ್ರೀ," ಎಂದನು ಹುಡುಗ.

ಅವನ ಮುತ್ಯಾ ರೈಲ್ವೆಯಲ್ಲಿ ಇಂಜಿನ್ ತೊಳೆಯುವ ಕೆಲಸಕ್ಕೆ ಸೇರಿ, ಕಲ್ಲಿದ್ದಲು ಹಾಕುವ ಫೈರ್‌ಮನ್ನಾಗಿ, ಕೊನೆಗೆ ಡ್ರೈವರರಾಗಿ ನಿವೃತ್ತರಾದವರು. ಉಗಿಬಂಡಿಯನ್ನೂ ಡೀಸೆಲ್ ಬಂಡಿಯನ್ನೂ ನಡೆಸಿದ ಕೈ. ಅವರು ನಡೆಸಿದ ಡೀಸೆಲ್ ಇಂಜಿನ್ನಿನ ವರ್ಗಕ್ಕೆ ಡಬ್ಲ್ಯು.ಡಿ.ಎಂ.-2 ಎಂದು ಹೆಸರು. ಅಮೆರಿಕೆಯ ಆಲ್ಕೋ ಕಾರ್ಖಾನೆಯ ವಿನ್ಯಾಸ. 1962ರಲ್ಲಿ ಮೊದಲ ಇಂಜಿನ್ನುಗಳು ಹಡಗಿನಲ್ಲಿ ಬಂದವು, 1964ರಿಂದ ವಾರಾಣಸಿಯಲ್ಲಿಯೇ ತಯಾರಾಗತೊಡಗಿದವು. ಪರದೇಶಕ್ಕೆ ಹೋಗಿದ್ದ ಮಗ ಅದೇ ಆಲ್ಕೋ ಮನೆತನದ ಅಮೆರಿಕನ್ ಇಂಜಿನ್ನಿನ ಕಿರುರೂಪವನ್ನು, ಒಂದು ಸುತ್ತು ಹಳಿ ಮತ್ತು ವೇಗ ನಿಯಂತ್ರಿಸುವ ಪೆಟ್ಟಿಗೆಯ ಸಹಿತ, ತಂದೆಗೆ ತಂದುಕೊಟ್ಟಿದ್ದನು. ಈಗ ಮುತ್ಯಾನಿಗೆ ಎಂಬತ್ತು ದಾಟಿದೆ. ಕಣ್ಣಿನ ಒತ್ತಡ ಹೆಚ್ಚಿ ದೃಷ್ಟಿ ಕುಗ್ಗುತ್ತ ಬಂದಿದೆ. ಹೋದ ದೃಷ್ಟಿ ಮರಳುವುದಿಲ್ಲವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಕತ್ತಲೆಯಲ್ಲಿ ಆ ಇಂಜಿನ್ನು ದೀಪ ಹಚ್ಚಿಕೊಂಡು ಓಡುವುದನ್ನು ಇನ್ನೊಮ್ಮೆ ನೋಡಬೇಕೆಂಬುದು ಅವರ ಆಸೆ.

ನಾವು ಮಾಡಿದ ತಪ್ಪು

ಮೇಲ್ಕವಚವನ್ನು ತೆಗೆದು ನೋಡಿದೆವು. ಒಳಗೆ ಗೋದಿಕಾಳಿನಷ್ಟು ಗಾತ್ರದ ತಂತಿಯ ಬಲ್ಬೊಂದಿತ್ತು. ಅದರ ಗಾಜು ಕಪ್ಪಾಗಿ, ಒಳಗಿನ ತಂತಿ ಕಡಿದಿತ್ತು. ಬಲ್ಬಿನ ಶಾಖಕ್ಕೆ ಸುತ್ತಲಿನ ಪ್ಲಾಸ್ಟಿಕ್ಕು ತುಸು ಮೆತ್ತಗಾಗಿ ಸೊಟ್ಟಗಾಗಿತ್ತು. ಇಂಥ ಬಲ್ಬು ಸುಮಾರು 50 ಮಿಲಿಆಂಪಿಯರ್ ವಿದ್ಯುತ್ ಪ್ರವಾಹವನ್ನು ಸೆಳೆದು, ಬಹುಭಾಗವನ್ನು ಬೆಳಕಾಗಿಸದೆ ಬಿಸಿಯಾಗಿಸುತ್ತದೆ. ಎಲ್.ಇ.ಡಿ. ದೀಪವಾದರೆ ಅದರ ಹತ್ತನೆಯ ಒಂದು ಭಾಗದ ಪ್ರವಾಹದಲ್ಲಿಯೇ ಚೆನ್ನಾಗಿ ಬೆಳಗುತ್ತದೆ, ಕವಚವನ್ನು ಕರಗಿಸುವಷ್ಟು ಬಿಸಿಯಾಗುವುದಿಲ್ಲ, ಬಹುಕಾಲ ಬಾಳುತ್ತದೆ.

ಇಷ್ಟು ನಮಗೆ ತಿಳಿದಿತ್ತು. ಇಷ್ಟೇ ತಿಳಿದಿದ್ದುದೇ ಅನರ್ಥಕ್ಕೆ ಕಾರಣವಾಯಿತು.

ಸೊಲ್ಲಾಪುರದ ಪೇಟೆಯಿಂದ ಒಂದು ಬಿಳಿಯ ಎಲ್.ಇ.ಡಿ.ಯನ್ನು ತರಿಸಿದೆವು. ಮಕ್ಕಳೆಲ್ಲರೂ ಸುತ್ತ ನೆರೆದಿದ್ದರು. ಹಳೆಯ ಬಲ್ಬಿನ ಎರಡು ತಂತಿಗಳಿಗೆ ಹೊಸ ದೀಪದ ಎರಡು ಕಾಲುಗಳನ್ನು ನೇರವಾಗಿ ಸುತ್ತಿ, ನಿಯಂತ್ರಕದ ಗುಂಡಿಯನ್ನು ಪೂರ್ತಿ ತಿರುಗಿಸುವಂತೆ ಹುಡುಗನಿಗೆ ಹೇಳಿದೆವು. ಕಣ್ಣು ಕೋರೈಸುವಂತೆ ಒಮ್ಮೆ ಮಿಂಚಿತು, ಚಟ್ಟೆಂದು ಸದ್ದಾಯಿತು, ಸುಟ್ಟ ವಾಸನೆ ಬಂದಿತು. ಅಷ್ಟೇ.

ಹುಡುಗ ಏನೂ ಮಾತನಾಡಲಿಲ್ಲ. ಇಂಜಿನ್ನನ್ನು ಮತ್ತೆ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಹೊರಟನು. ಮರುದಿನ ಶಾಲೆಗೆ ಬರಲಿಲ್ಲ. ಮುತ್ಯಾನ ಇಂಜಿನ್ನನ್ನು ತಾನೇ ಕೆಡಿಸಿದೆನೆಂದು ತಿಳಿದು ಮನೆಯಲ್ಲಿ ಅತ್ತನೆಂದು ಗೆಳೆಯರಿಂದ ತಿಳಿಯಿತು. ಗುಂಡಿ ತಿರುಗಿಸಿದ್ದು ಅವನ ಕೈ; ತಿರುಗಿಸೆಂದು ಹೇಳಿದ ಬಾಯಿ ನಮ್ಮದು. ಸಂಜೆ ಅವರ ಮನೆಗೆ ಹೋಗಿ, ಮುತ್ಯಾನ ಎದುರಿನಲ್ಲಿಯೇ, ತಪ್ಪು ನಮ್ಮದೆಂದು ಹೇಳಿದೆವು. ಮುತ್ಯಾ ನಕ್ಕು, "ಇಂಜಿನ್ ಕಲಿಯೂ ಮುಂದ ನಾವೂ ಭಾಳ ಸುಟ್ಟೀವಿ ಬಿಡ್ರಿ ಗುರುಗಳೇ," ಎಂದರು. ಹುಡುಗ ಮರುದಿನ ಶಾಲೆಗೆ ಬಂದನು.

ಶಿಕ್ಷಕ ತರಬೇತಿಯ ಕಾಲದಲ್ಲಿ ನಮಗೆ ಕಲಿಸಿದ ಮಾತೊಂದಿದೆ: ತಿಳಿದುದರಿಂದ ತಿಳಿಯದುದರ ಕಡೆಗೆ ನಡೆಯಬೇಕು. ನಾವು ತಿಳಿದ ಬಲ್ಬಿನಿಂದ ತಿಳಿಯದ ಎಲ್.ಇ.ಡಿ.ಗೆ ನಡೆಯದೆ ಹಾರಿದ್ದೆವು.

ಎಲ್.ಇ.ಡಿ. ಎಂದರೇನು?

ತಂತಿಯ ಬಲ್ಬಿನಲ್ಲಿ ತಂತಿ ಕಾದು ಕೆಂಪಾಗಿ ಬೆಳಗುತ್ತದೆ. ಎಲ್.ಇ.ಡಿ.ಯಲ್ಲಿ ಕಾಯುವ ತಂತಿಯಿಲ್ಲ. ಎರಡು ಬಗೆಯ ಅರೆವಾಹಕಗಳು ಕೂಡಿರುವ ಒಂದು ಪುಟ್ಟ ಹರಳಿನ ಮೂಲಕ ವಿದ್ಯುತ್ತು ಹರಿಯುವಾಗ ಆ ಹರಳೇ ಬೆಳಕನ್ನು ಹೊಮ್ಮಿಸುತ್ತದೆ. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್.ಇ.ಡಿ.ಯನ್ನು 1962ರಲ್ಲಿ ಅಮೆರಿಕೆಯ ನಿಕ್ ಹೊಲೊನ್ಯಾಕ್ ಎಂಬ ವಿಜ್ಞಾನಿ ನಿರ್ಮಿಸಿದನು. ನಮ್ಮ ದೇಶಕ್ಕೆ ಆಲ್ಕೋ ಡೀಸೆಲ್ ಬಂದುದೂ ಅದೇ ವರ್ಷ. ಆದರೆ ಪ್ರಖರವಾದ ನೀಲಿ ದೀಪಕ್ಕಾಗಿ ಮುಂದೆ ಮೂವತ್ತು ವರ್ಷ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಸಾಕಿ, ಅಮಾನೋ, ನಕಮುರ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ನೀಲಿಯ ಮಹತ್ವವೇನೆಂದರೆ, ನೀಲಿ ಬೆಳಕಿನ ಹರಳಿನ ಮೇಲೆ ಹಳದಿ ಬೆಳಕನ್ನು ಕೊಡುವ ಪುಡಿಯ ಲೇಪವಿದ್ದರೆ ಎರಡೂ ಬೆರೆತು ಬಿಳಿಯ ಬೆಳಕಾಗುತ್ತದೆ. ಇಂದು ನಾವು ಬಳಸುವ ಸಾಮಾನ್ಯ ಬಿಳಿಯ ಎಲ್.ಇ.ಡಿ. ಇದೇ.

ಎಲ್.ಇ.ಡಿ.ಗೆ ಎರಡು ಸ್ವಭಾವಗಳಿವೆ. ಮೊದಲನೆಯದು, ಅದು ಒಂದೇ ದಿಕ್ಕಿನಲ್ಲಿ ವಿದ್ಯುತ್ತನ್ನು ಹರಿಯಗೊಡುತ್ತದೆ. ಉದ್ದನೆಯ ಕಾಲು ಧನ, ಗಿಡ್ಡ ಕಾಲು ಋಣ. ಕಾಲನ್ನು ಕತ್ತರಿಸಿದ್ದರೆ, ದುಂಡಗಿನ ಅಂಚಿನಲ್ಲಿ ಚಪ್ಪಟೆಯಾಗಿರುವ ಕಡೆ ಋಣವೆಂದು ತಿಳಿಯಬೇಕು. ಎರಡನೆಯದು, ಅದಕ್ಕೆ ಬೇಕಾದ ವೋಲ್ಟಿನ ಮಿತಿ ದಾಟಿದೊಡನೆ ಪ್ರವಾಹ ಕಡಿದಾಗಿ ಏರುತ್ತದೆ. ಕೆಂಪು ದೀಪಕ್ಕೆ ಸುಮಾರು 2 ವೋಲ್ಟ್ ಸಾಕು. ಬಿಳಿಗೂ ನೀಲಿಗೂ ಸುಮಾರು 3 ವೋಲ್ಟ್ ಬೇಕು. ಸಾಮಾನ್ಯವಾದ ಪುಟ್ಟ ಎಲ್.ಇ.ಡಿ. ತಾಳಿಕೊಳ್ಳುವ ಪ್ರವಾಹ 20 ಮಿಲಿಆಂಪಿಯರ್. ನಾವು 3 ವೋಲ್ಟಿನ ದೀಪಕ್ಕೆ 12 ವೋಲ್ಟನ್ನು ನೇರವಾಗಿ ಕೊಟ್ಟಿದ್ದೆವು. ಅದು ಸುಟ್ಟುಹೋದುದರಲ್ಲಿ ಆಶ್ಚರ್ಯವೇನು?

ಕರಿಹಲಗೆಯ ಮೇಲಿನ ಲೆಕ್ಕ

ಕಾಲುವೆಯ ನೀರು ಮಡಿಗೆ ನುಗ್ಗಿ ಸಸಿಗಳನ್ನು ಕೀಳದಂತೆ ರೈತ ತೂಬನ್ನು ಕಿರಿದು ಮಾಡುತ್ತಾನಲ್ಲವೆ? ವಿದ್ಯುತ್ತಿಗೆ ಅಂಥ ತೂಬೇ ರೋಧಕ. ಅಂಗಡಿಯಲ್ಲಿ ಅದನ್ನು ರೆಸಿಸ್ಟರ್ ಎಂದು ಕೇಳಬೇಕು. ಎಷ್ಟು ರೋಧಕ ಬೇಕೆಂಬುದಕ್ಕೆ ಓಮನ ನಿಯಮ ಸಾಕು.

ಹಳಿಗೆ ಬರುವ ವೋಲ್ಟಿನಿಂದ ದೀಪಕ್ಕೆ ಬೇಕಾದ ವೋಲ್ಟನ್ನು ಕಳೆಯಬೇಕು: 12 ರಲ್ಲಿ 3 ಕಳೆದರೆ 9. ಇದನ್ನು ನಮಗೆ ಬೇಕಾದ ಪ್ರವಾಹದಿಂದ ಭಾಗಿಸಬೇಕು. 10 ಮಿಲಿಆಂಪಿಯರ್ ಎಂದರೆ 0.010 ಆಂಪಿಯರ್. 9 ನ್ನು 0.010 ರಿಂದ ಭಾಗಿಸಿದರೆ 900 ಓಮ್. ಅಂಗಡಿಯಲ್ಲಿ ಸುಲಭವಾಗಿ ದೊರೆಯುವ, ಇದಕ್ಕಿಂತ ತುಸು ಹೆಚ್ಚಿನ ಅಳತೆ 1000 ಓಮ್. ಅದನ್ನು ಒಂದು ಕಿಲೋಓಮ್ ಎನ್ನುತ್ತಾರೆ. ಆಗ ಪ್ರವಾಹ 9 ಮಿಲಿಆಂಪಿಯರ್ ಆಗುತ್ತದೆ. ರೋಧಕ ಕಾಯುವ ಪ್ರಮಾಣ 9 ವೋಲ್ಟ್ ಗುಣಿಸು 0.009 ಆಂಪಿಯರ್, ಅಂದರೆ 0.081 ವಾಟ್. ಆದುದರಿಂದ ಕಾಲು ವಾಟಿನ ರೋಧಕವನ್ನು ಹಾಕಿದರೆ ನಿಶ್ಚಿಂತೆ.

ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬಿಡಿಸಿದವನು ಅದೇ ಹುಡುಗ. ಮುಗಿಸಿದ ಮೇಲೆ ಅವನೊಂದು ಪ್ರಶ್ನೆ ಕೇಳಿದನು: "ಪೆಟ್ಟಿಗಿ ಮ್ಯಾಲೆ 12 ಅಂತ ಬರದಾರ್ರೀ. ಖರೇನೂ ಅಷ್ಟs ಬರ್ತದೇನ್ರೀ?" ಮಲ್ಟಿಮೀಟರಿನಿಂದ ಅಳೆದೆವು. ಇಂಜಿನ್ನಿಲ್ಲದ ಹಳಿಯ ಮೇಲೆ, ಗುಂಡಿ ಪೂರ್ತಿ ತಿರುಗಿದಾಗ, 14 ವೋಲ್ಟ್ ತೋರಿಸಿತು. ಹಗುರವಾದ ಹೊರೆಯಿರುವಾಗ ಇಂಥ ಪೆಟ್ಟಿಗೆಗಳು ಬರೆದುದಕ್ಕಿಂತ ಹೆಚ್ಚು ಕೊಡುವುದುಂಟು. 14 ವೋಲ್ಟಿಗೂ ಒಂದು ಕಿಲೋಓಮ್ ಇದ್ದರೆ ಪ್ರವಾಹ 11 ಮಿಲಿಆಂಪಿಯರ್. 20ರ ಮಿತಿಯೊಳಗೇ ಇದೆ. ಬರೆದುದನ್ನು ನಂಬದೆ ಅಳೆದು ನೋಡಬೇಕೆಂಬ ಬುದ್ಧಿ ಆ ಹುಡುಗನಿಗೆ ಒಂದು ದೀಪ ಸುಟ್ಟುದರಿಂದ ಬಂದಿತ್ತು.

ಜೋಡಿಸುವ ಕ್ರಮ

ದೀಪದ ಗಾತ್ರವನ್ನು ಮೊದಲು ನಿಶ್ಚಯಿಸಬೇಕು. ಎಲ್.ಇ.ಡಿ.ಗಳು 5 ಮಿಲಿಮೀಟರ್ ಮತ್ತು 3 ಮಿಲಿಮೀಟರ್ ದಪ್ಪದಲ್ಲಿ ಎಲ್ಲೆಡೆ ದೊರೆಯುತ್ತವೆ. ಎಚ್.ಓ. ಇಂಜಿನ್ನಿಗೆ 3 ಮಿಲಿಮೀಟರಿನದು ಸಾಮಾನ್ಯವಾಗಿ ಹಿಡಿಸುತ್ತದೆ. ಇನ್ನೂ ಇಕ್ಕಟ್ಟಿದ್ದರೆ 0603 ಎಂಬ ಅಳತೆಯ ಚಪ್ಪಟೆ ದೀಪವುಂಟು. ಅದರ ಉದ್ದ 1.6 ಮಿಲಿಮೀಟರ್, ಅಗಲ 0.8 ಮಿಲಿಮೀಟರ್. ಅದಕ್ಕೆ ತಂತಿ ಬೆಸೆಯುವುದು ಪಳಗಿದ ಕೈಯ ಕೆಲಸ. ಹೊಸಬರು ತಂತಿ ಬೆಸೆದೇ ಮಾರುವಂಥದನ್ನು ಕೊಳ್ಳುವುದು ಲೇಸು.

ಕವಚ ತೆಗೆಯುವ ಮುನ್ನ ವಿದ್ಯುತ್ತನ್ನು ಪೂರ್ತಿ ಬೇರ್ಪಡಿಸಬೇಕು. ಹಳೆಯ ಬಲ್ಬಿನ ತಂತಿಗಳು ಎಲ್ಲೆಲ್ಲಿ ಸೇರಿವೆಯೆಂದು ಕಾಗದದಲ್ಲಿ ಚಿತ್ರ ಬರೆದುಕೊಳ್ಳಬೇಕು. ಕೆಲವು ಇಂಜಿನ್ನುಗಳಲ್ಲಿ ಲೋಹದ ಅಡಿಗಟ್ಟೇ ಒಂದು ಹಳಿಯ ವಿದ್ಯುತ್ತನ್ನು ಒಯ್ಯುತ್ತಿರುತ್ತದೆ. ದೀಪದ ಬರಿಯ ಕಾಲು ಅದಕ್ಕೆ ತಾಗಿದರೆ ಮತ್ತೆ ಅನಾಹುತ. ಆದುದರಿಂದ ಪ್ರತಿಯೊಂದು ಬೆಸುಗೆಯ ಮೇಲೂ ಬಿಸಿಗೆ ಕುಗ್ಗುವ ಕೊಳವೆಯನ್ನು ತೊಡಿಸಬೇಕು. ಕೊಳವೆಯನ್ನು ಬೆಸುಗೆಗೆ ಮೊದಲೇ ತಂತಿಗೆ ಪೋಣಿಸಿಡಬೇಕೆಂಬುದನ್ನು ನಮ್ಮ ಮಕ್ಕಳು ಎರಡು ಸಲ ಮರೆತರು. 25 ವಾಟಿನ ಬೆಸುಗೆ ಕಡ್ಡಿ ಸಾಕು. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಡ್ಡಿಯನ್ನು ದೀಪದ ಕಾಲಿಗೆ ಒತ್ತಿ ಹಿಡಿಯಬಾರದು. ರೋಧಕವನ್ನು ಎರಡು ಕಾಲುಗಳಲ್ಲಿ ಯಾವುದಕ್ಕೆ ಬೆಸೆದರೂ ಸರಿಯೇ. ಪ್ರವಾಹ ಎರಡರಲ್ಲಿಯೂ ಒಂದೇ.

ಇಂಜಿನ್ನಿಗೆ ಹಿಂದೆ ಮುಂದೆ ಎರಡು ದೀಪಗಳಿದ್ದರೆ ಎಲ್.ಇ.ಡಿ.ಯ ಏಕಮುಖ ಸ್ವಭಾವ ನಮಗೆ ವರವಾಗುತ್ತದೆ. ನೇರ ವಿದ್ಯುತ್ತಿನ ಕಿರು ರೈಲಿನಲ್ಲಿ ದಿಕ್ಕು ಬದಲಾಗುವುದು ಹಳಿಗಳ ಧನ ಋಣಗಳು ಅದಲುಬದಲಾದಾಗ. ಆದುದರಿಂದ ಎರಡು ದೀಪಗಳನ್ನು ತಲೆಕೆಳಗಾಗಿ ಜೋಡಿಸಬೇಕು: ಒಂದರ ಧನಕ್ಕೆ ಇನ್ನೊಂದರ ಋಣ, ಒಂದರ ಋಣಕ್ಕೆ ಇನ್ನೊಂದರ ಧನ. ಈ ಜೋಡಿಗೆ ಒಂದೇ ರೋಧಕವನ್ನು ಹಾಕಿದರಾಯಿತು. ಇಂಜಿನ್ನು ಮುಂದೆ ಹೋಗುವಾಗ ಮುಂದಿನ ದೀಪ, ಹಿಂದೆ ಬರುವಾಗ ಹಿಂದಿನ ದೀಪ ತಾನಾಗಿಯೇ ಬೆಳಗುತ್ತದೆ. ತಿರುಗುಮುರುಗಾದ ವಿದ್ಯುತ್ತನ್ನು ಎಲ್.ಇ.ಡಿ. ಸಾಮಾನ್ಯವಾಗಿ 5 ವೋಲ್ಟಿನವರೆಗೆ ಮಾತ್ರ ತಾಳುತ್ತದೆ. ಈ ಜೋಡಣೆಯಲ್ಲಿ ಬೆಳಗುತ್ತಿರುವ ದೀಪ 3 ವೋಲ್ಟಿನಷ್ಟನ್ನೇ ಉಳಿಸಿಕೊಳ್ಳುವುದರಿಂದ ಆರಿರುವ ದೀಪಕ್ಕೆ ಅಪಾಯವಿಲ್ಲ. ಹೀಗೆ ಒಂದು ಇನ್ನೊಂದನ್ನು ಕಾಯುತ್ತದೆ. ದೀಪದ ಹಿಂಬದಿಗೆ ಕಪ್ಪು ಬಣ್ಣ ಬಳಿಯದಿದ್ದರೆ ತೆಳುವಾದ ಕವಚದ ತುಂಬ ಬೆಳಕು ಸೋರಿ ಇಂಜಿನ್ನು ಕಂದೀಲಿನಂತೆ ಕಾಣುತ್ತದೆ.

ಹೊಸ ಬಗೆಯ ಅಂಕೀಯ ಇಂಜಿನ್ನುಗಳಲ್ಲಿ, ಅಂದರೆ ಡಿ.ಸಿ.ಸಿ. ಎಂಬ ಪದ್ಧತಿಯವುಗಳಲ್ಲಿ, ದೀಪವನ್ನು ಹಳಿಯ ತಂತಿಗೆ ಸೇರಿಸದೆ ಒಳಗಿನ ಡಿಕೋಡರಿಗೆ ಸೇರಿಸಬೇಕು. ಅದರ ನೀಲಿ ತಂತಿ ಎಲ್ಲ ದೀಪಗಳ ಧನಕ್ಕೆ. ಬಿಳಿ ತಂತಿ ಮುಂದಿನ ದೀಪದ ಋಣಕ್ಕೆ. ಹಳದಿ ತಂತಿ ಹಿಂದಿನದರ ಋಣಕ್ಕೆ. ಅಲ್ಲಿಯೂ ಪ್ರತಿ ದೀಪಕ್ಕೆ ರೋಧಕ ಬೇಕೇ ಬೇಕು.

ಮುತ್ಯಾನ ಪರೀಕ್ಷೆ

ದೀಪ ಹತ್ತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಸಂಜೆ ಇಂಜಿನ್ನನ್ನು ಮುತ್ಯಾನ ಮನೆಗೆ ಒಯ್ದು, ಪಡಸಾಲೆಯಲ್ಲಿ ಹಳಿ ಜೋಡಿಸಿ, ಬಾಗಿಲು ಮುಚ್ಚಿ ಓಡಿಸಿದೆವು. ಮುತ್ಯಾ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿದರು.

"ಗುರುಗಳೇ, ಸಿಟ್ಟಾಗಬ್ಯಾಡ್ರಿ. ಇದು ನಮ್ಮ ಇಂಜಿನ್ನಿನ ಬೆಳಕಲ್ಲ. ದವಾಖಾನಿ ಟ್ಯೂಬ್‌ಲೈಟ್ ಇದ್ದಂಗ ಅದ," ಎಂದರು.

ಅವರ ಮಾತು ನೂರಕ್ಕೆ ನೂರು ಸತ್ಯವಾಗಿತ್ತು. ನಾವು ಹಾಕಿದ್ದು ನೀಲಿಯ ಛಾಯೆಯುಳ್ಳ ತಂಪು ಬಿಳಿ. ಅವರ ಕಾಲದ ಇಂಜಿನ್ನುಗಳಲ್ಲಿದ್ದುದು ತಂತಿ ಕಾದು ಬೆಳಗುವ ದೀಪ. ಅದರ ಬೆಳಕು ಹಳದಿಗೆ ತಿರುಗಿದ್ದು. ಬೆಳಕಿನ ಛಾಯೆಯನ್ನು ಕೆಲ್ವಿನ್ ಎಂಬ ಮಾನದಿಂದ ಅಳೆಯುತ್ತಾರೆ. 6000ದ ಆಸುಪಾಸಿನದು ತಂಪು ಬಿಳಿ; 2700ರಿಂದ 3000ದವರೆಗಿನದು ಬೆಚ್ಚನೆಯ ಬಿಳಿ. ಹಳೆಯ ಉಗಿಬಂಡಿಗೂ ಡೀಸೆಲ್ಲಿಗೂ ಬೆಚ್ಚನೆಯ ಬಿಳಿಯನ್ನೇ ಆರಿಸಬೇಕು. ಇಂದಿನ ವಿದ್ಯುತ್ ಇಂಜಿನ್ನಿನ ಕಿರುರೂಪವಾದರೆ ತಂಪು ಬಿಳಿ ಒಪ್ಪೀತು. ಬೆಚ್ಚನೆಯದರಲ್ಲಿಯೂ ಹರಳು ನೀಲಿಯದೇ, ಲೇಪ ಮಾತ್ರ ಬೇರೆ. ಆದುದರಿಂದ 3 ವೋಲ್ಟಿನ ಲೆಕ್ಕ ಬದಲಾಗುವುದಿಲ್ಲ.

ಬೆಚ್ಚನೆಯ ದೀಪವನ್ನು ತರಿಸಿದೆವು. ಕಿರು ರೈಲಿನಲ್ಲಿ ದೀಪ ಕಣ್ಣು ಚುಚ್ಚಬಾರದೆಂಬ ವಿಚಾರದಿಂದ ಈ ಸಲ 2.2 ಕಿಲೋಓಮ್ ರೋಧಕವನ್ನು ಹಾಕಿದೆವು. ಪ್ರವಾಹ ಸುಮಾರು 4 ಮಿಲಿಆಂಪಿಯರ್. ನಮ್ಮ ಕಣ್ಣಿಗೆ ಅದು ಅತ್ಯಂತ ಸೊಗಸಾಗಿ, ದೂರದ ಹೊಲದಾಚೆಯ ಗಾಡಿಯಂತೆಯೇ ಕಂಡಿತು. ಮುತ್ಯಾ ಮಾತ್ರ ಸುಮ್ಮನಿದ್ದರು. "ಹತ್ಯಾದೇನೋ?" ಎಂದು ಮೊಮ್ಮಗನನ್ನು ಕೇಳಿದರು.

ನಮ್ಮ ಎದೆ ಧಸಕ್ಕೆಂದಿತು. ಮೂರು ಮೊಳ ದೂರದ ದೀಪ ಅವರಿಗೆ ಕಾಣುತ್ತಿರಲಿಲ್ಲ. ಹುಡುಗ ಏನೂ ಹೇಳದೆ ಇಂಜಿನ್ನನ್ನು ಎತ್ತಿಕೊಂಡು, ಅಲ್ಲಿಯೇ ನೆಲದ ಮೇಲೆ ಕುಳಿತು, ಬೆಸುಗೆ ಬಿಡಿಸಿ, ಮೊದಲಿನ ಒಂದು ಕಿಲೋಓಮ್ ರೋಧಕವನ್ನು ಮತ್ತೆ ಹಾಕಿದನು. ಕೊಳವೆಯನ್ನು ಮೊದಲೇ ಪೋಣಿಸಿಕೊಂಡಿದ್ದನು.

ಇಂಜಿನ್ನು ಸುತ್ತು ಹಾಕಿ ಬಂದಿತು. ಮುತ್ಯಾನ ಮುಖ ಅದರ ಜೊತೆಗೇ ತಿರುಗಿತು. ಎರಡನೆಯ ಸುತ್ತಿನಲ್ಲಿ ಅವರ ಬಲಗೈ ಗಾಳಿಯಲ್ಲಿ ಯಾವುದೋ ಹಿಡಿಕೆಯನ್ನು ಹಿಡಿದಂತೆ ಮಡಚಿತು. "ಬಂತು," ಎಂದರು.

ಆಮೇಲೆ ಬಹಳ ಹೊತ್ತು ಮಾತನಾಡಿದರು. ಇಂಜಿನ್ನಿನ ದೊಡ್ಡ ದೀಪ ಡ್ರೈವರನಿಗೆ ದಾರಿ ತೋರಿಸುವುದಕ್ಕಿಂತ ಹೆಚ್ಚಾಗಿ, ಹಳಿಯ ಮೇಲೆ ಕೆಲಸ ಮಾಡುತ್ತಿರುವ ಗ್ಯಾಂಗ್‌ಮನ್ನನಿಗೆ, ದನ ಹೊಡೆದುಕೊಂಡು ಹಳಿ ದಾಟುವವನಿಗೆ ಗಾಡಿ ಬರುತ್ತಿದೆಯೆಂದು ತಿಳಿಸಲಿಕ್ಕಿದೆ ಎಂದರು. ಅಪಘಾತವಾಗಿ ಪಕ್ಕದ ಹಳಿಗೆ ಅಡ್ಡಿಯಾದಾಗ ಎದುರಿನಿಂದ ಬರುವ ಗಾಡಿಯನ್ನು ತಡೆಯಲು ಇಂಜಿನ್ನಿನ ಮೇಲೆ ಮಿಣುಕುವ ಹಳದಿ ದೀಪವಿರುತ್ತದೆಂದೂ, ಅದನ್ನು ಹಚ್ಚುವ ಪ್ರಸಂಗ ಯಾವ ಡ್ರೈವರನಿಗೂ ಬಾರದಿರಲೆಂದೂ ಹೇಳಿದರು. ದೀಪವನ್ನು ಆರಿಸುವುದೆಂದರೆ ಅದು ಯಾರ ಕಣ್ಣಿಗಾಗಿ ಎಂದು ಮೊದಲು ಕೇಳಿಕೊಳ್ಳುವುದೆಂದು ನಮಗೆ ಆ ಸಂಜೆ ಮನವರಿಕೆಯಾಯಿತು.

ಪ್ರದರ್ಶನದ ದಿನ ಇಂಜಿನ್ನು ಶಾಲೆಯ ಕೋಣೆಯಲ್ಲಿ ಓಡಿತು. ಹುಡುಗ ಬಂದವರಿಗೆಲ್ಲ ರೋಧಕದ ಲೆಕ್ಕವನ್ನು ನಮ್ಮ ಮಾತಿನಲ್ಲಿಯೇ, ತೂಬಿನ ಉಪಮೆಯೊಡನೆ, ತಡವರಿಸದೆ ವಿವರಿಸಿದನು. ಸುಟ್ಟ ಎಲ್.ಇ.ಡಿ.ಯನ್ನೂ ಒಂದು ರಟ್ಟಿಗೆ ಅಂಟಿಸಿ ಪಕ್ಕದಲ್ಲಿಟ್ಟಿದ್ದನು. ಅದರ ಕೆಳಗೆ "ರೋಧಕವಿಲ್ಲದೆ ಜೋಡಿಸಿದ್ದು" ಎಂದು ಬರೆದಿದ್ದನು, ಜೋಡಿಸಿದವರಾರೆಂದು ಬರೆದಿರಲಿಲ್ಲ. ನಾವೇ ಪೆನ್ನು ತೆಗೆದುಕೊಂಡು "ಮುಖ್ಯಾಧ್ಯಾಪಕರು" ಎಂದು ಸೇರಿಸಿದೆವು.

ಆ ರಟ್ಟು ಇಂದಿಗೂ ನಮ್ಮ ಪ್ರಯೋಗಶಾಲೆಯ ಗೋಡೆಯ ಮೇಲಿದೆ. ಯಾರಾದರೂ ಹೊಸ ತಂತಿ ಜೋಡಿಸಲು ಹೊರಟರೆ ಐದನೆಯ ಇಯತ್ತೆಯ ಮಕ್ಕಳು ಸಹ ಅದರತ್ತ ಬೆರಳು ತೋರಿಸಿ, "ಅಳದೀರೇನ್ರೀ?" ಎಂದು ಕೇಳುತ್ತಾರೆ. ನಾವು ಅಳೆದೇ ಮುಂದಕ್ಕೆ ಹೋಗುತ್ತೇವೆ.